ಬಿಜಾಗರಿಯ ಬಲ

ಹಡಪಸರದ ಗಾಡಿತಳದಲ್ಲಿ ನಿಂತು ಫೋನಿನಲ್ಲಿ ಮಾತಾಡಲು ಗಂಟಲು ಗಟ್ಟಿ ಇರಬೇಕು. ಪುಣೆ–ಸೊಲ್ಲಾಪುರ ರಸ್ತೆಯ ಲಾರಿಗಳು, ಹಾರ್ನು, ಕಂಡಕ್ಟರುಗಳ ಕೂಗು. ಕಲಬುರಗಿ, ವಿಜಯಪುರದ ಕಡೆ ಹೋಗುವ ಬಸ್ಸುಗಳ ದಾರಿ ಇದೇ ಆದ್ದರಿಂದ ಆ ಗದ್ದಲದಲ್ಲಿ ಕನ್ನಡವೂ ಧಾರಾಳವಾಗಿ ಕೇಳುತ್ತದೆ. ಇಲ್ಲಿಂದಲೇ ಊರಿಗೆ ಬಸ್ಸು ಹತ್ತುವ ನಮ್ಮವ್ವನಿಗೆ ಎರಡು ವರ್ಷದ ಹಿಂದೆ ಕೆಂಪು ಬಣ್ಣದ ಮಡಚುವ ಫೋನೊಂದನ್ನು ಕೊಡಿಸಿದೆ. ನೋಡಲು ಚೆಂದವಿದೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಅವ್ವ ಅದನ್ನು ಬಳಸುವುದನ್ನು ನೋಡುತ್ತ ನೋಡುತ್ತ, ಆ ಚೆಂದದ ಹಿಂದೆ ಎಷ್ಟೊಂದು ಲೆಕ್ಕಾಚಾರ ಇದೆ ಎಂಬುದು ನನಗೆ ತಿಳಿಯುತ್ತ ಬಂತು.

ಮೊದಲನೆಯದು ಮುಖದ ಲೆಕ್ಕ. ಜೇಬು ಚಿಕ್ಕದು, ಕಿವಿಯಿಂದ ಬಾಯಿಗೆ ಇರುವ ದೂರ ದೊಡ್ಡದು. ಫೋನನ್ನು ಜೇಬಿಗೆ ತಕ್ಕಂತೆ ಗಿಡ್ಡ ಮಾಡಿದರೆ ಅದರ ಮೈಕು ಕೆನ್ನೆಯ ಮೇಲೆಯೇ ಉಳಿದುಬಿಡುತ್ತದೆ. ಮಡಚುವ ಫೋನು ತೆರೆದಾಗ ಉದ್ದವಾಗುತ್ತದೆ, ಜೊತೆಗೆ ತುಸು ಬಾಗಿಯೇ ನಿಲ್ಲುತ್ತದೆ. ಮೇಲಿನ ತುದಿ ಕಿವಿಗೆ, ಕೆಳಗಿನ ತುದಿ ತುಟಿಯ ಹತ್ತಿರಕ್ಕೆ ಬರುತ್ತದೆ. ದನಿ ದೂರ ಹೋದಂತೆ ಬೇಗ ಸೊರಗುತ್ತದೆ. ಬಾಯಿಂದ ಮೈಕಿಗೆ ಇರುವ ದೂರ 5 ಸೆಂಟಿಮೀಟರಿನಿಂದ 10ಕ್ಕೆ ಏರಿದರೆ, ಮೈಕಿಗೆ ತಲುಪುವ ದನಿಯ ಒತ್ತಡ ಅರ್ಧಕ್ಕೆ, ಅದರ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಲಾರಿಯ ಸದ್ದು ಮಾತ್ರ ಎರಡೂ ಕಡೆ ಅಷ್ಟೇ ಇರುತ್ತದೆ, ಏಕೆಂದರೆ ಲಾರಿಗೆ ಆ ಐದು ಸೆಂಟಿಮೀಟರು ಲೆಕ್ಕಕ್ಕೇ ಇಲ್ಲ. ಗಾಡಿತಳದಲ್ಲಿ ನಿಂತ ಅವ್ವನ ಮಾತು ಊರಿನಲ್ಲಿರುವ ಅಕ್ಕನಿಗೆ ಸ್ಪಷ್ಟವಾಗಿ ಕೇಳುವುದರಲ್ಲಿ ಈ ಬಾಗಿದ ಮೈಯ ಪಾಲೂ ಇದೆ.

ಈ ಉಪಾಯ ಮೊಬೈಲಿಗಿಂತ ಹಳೆಯದು. 1965ರಲ್ಲಿ ಮಾರ್ಕೊ ಜನೂಸೊ ಮತ್ತು ರಿಚರ್ಡ್ ಸ್ಯಾಪರ್ ಎಂಬ ವಿನ್ಯಾಸಕಾರರು ಇಟಲಿಯಲ್ಲಿ ತಂತಿಯ ದೂರವಾಣಿಯನ್ನೇ ಮಡಚುವಂತೆ ರೂಪಿಸಿದ್ದರು. ಅದರ ಹೆಸರು ಗ್ರಿಲ್ಲೊ, ಎಂದರೆ ಚಿಮ್ಮಂಡೆ. ಮೊಟೊರೊಲಾ 1989ರಲ್ಲಿ ಮೈಕ್ರೊಟ್ಯಾಕ್ ಎಂಬ ಮೊಬೈಲಿಗೆ ಗುಂಡಿಗಳನ್ನು ಮುಚ್ಚುವ ಪುಟ್ಟ ಬಾಗಿಲು ಇಟ್ಟಿತು. 1996ರಲ್ಲಿ ಬಂದ ಅದರದ್ದೇ ಸ್ಟಾರ್‌ಟ್ಯಾಕ್ ಚಿಪ್ಪಿನಂತೆ ಪೂರ್ತಿ ಮಡಚಿಕೊಳ್ಳುತ್ತಿತ್ತು. ತೂಕ 88 ಗ್ರಾಂ. 2004ರ ರೇಜರ್ ವಿ3 ದಪ್ಪದಲ್ಲಿ 14 ಮಿಲಿಮೀಟರಿಗೂ ಕಡಿಮೆ. ಅದರ ಗಲ್ಲದ ಉಬ್ಬನ್ನು ಬಹಳ ಜನ ಅಲಂಕಾರ ಎಂದುಕೊಂಡಿದ್ದರು. ಆಂಟೆನಾ ಇದ್ದದ್ದು ಅಲ್ಲಿ. ತೆಳ್ಳಗಿನ ಮೈಯಲ್ಲಿ ಬೇರೆಲ್ಲೂ ಅದಕ್ಕೆ ಜಾಗ ಸಿಗದೆ, ಇಡೀ ಫೋನಿನ ಗುರುತೇ ಆಗಿಹೋದ ಆಕಾರ ಹುಟ್ಟಿಕೊಂಡಿತು.

ಇನ್ನು ಬಿಜಾಗರಿ. ಬಾಗಿಲ ಬಿಜಾಗರಿಗೆ ಹಡಪಸರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮರಾಠಿಯವರೂ ಬಿಜಾಗರಿ ಎಂದೇ ಕೇಳುತ್ತಾರೆ. ಆದರೆ ಬಾಗಿಲು ಎಲ್ಲಿ ಬೇಕಾದರೂ ನಿಲ್ಲುತ್ತದೆ, ಅವ್ವನ ಫೋನಿನ ಮುಚ್ಚಳ ನಿಲ್ಲುವುದಿಲ್ಲ. ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅದರ ಕೀಲಿನೊಳಗೆ ಒಂದು ಸ್ಪ್ರಿಂಗು, ಅದು ಒತ್ತಿ ಹಿಡಿದ, ಏರಿಳಿತವಿರುವ ಒಂದು ಬಿಲ್ಲೆ ಇರುತ್ತವೆ. ಮುಚ್ಚಳ ಎತ್ತುವಾಗ ನಮ್ಮ ಹೆಬ್ಬೆರಳು ಸ್ಪ್ರಿಂಗನ್ನು ಅದುಮುತ್ತ ಬಿಲ್ಲೆಯ ದಿಬ್ಬ ಹತ್ತಿಸುತ್ತದೆ. ನೆತ್ತಿ ದಾಟಿದ ಕೂಡಲೇ ಸ್ಪ್ರಿಂಗು ತಾನೇ ಆಚೆ ಬದಿಗೆ ಜಾರಿ, ಟಕ್ ಎಂದು ಕೂರುತ್ತದೆ. ಅರ್ಧ ಕೆಲಸ ಬೆರಳಿನದು, ಉಳಿದರ್ಧ ಕೂಡಿಟ್ಟ ಶಕ್ತಿಯದು.

ಮುಚ್ಚಿದ್ದು ಫೋನಿಗೆ ಗೊತ್ತಾಗುವ ಬಗೆ ನನಗೆ ಇನ್ನೂ ಇಷ್ಟ. ಇಂಥ ಫೋನುಗಳಲ್ಲಿ ಸಾಮಾನ್ಯವಾಗಿ ಮುಚ್ಚಳದಲ್ಲಿ ಅಕ್ಕಿಕಾಳಿನಷ್ಟು ಅಯಸ್ಕಾಂತ, ಕೆಳಗಿನ ಭಾಗದಲ್ಲಿ ಹಾಲ್ ಸಂವೇದಕ ಇರುತ್ತವೆ. ವಿದ್ಯುತ್ತು ಹರಿಯುವ ತೆಳುಪಟ್ಟಿಯ ಹತ್ತಿರ ಅಯಸ್ಕಾಂತ ಬಂದರೆ, ನೇರ ಹೋಗುತ್ತಿದ್ದ ಎಲೆಕ್ಟ್ರಾನುಗಳು ಒಂದು ಅಂಚಿಗೆ ಸರಿಯುತ್ತವೆ; ಎರಡು ಅಂಚುಗಳ ನಡುವೆ ಪುಟ್ಟದೊಂದು ವೋಲ್ಟೇಜು ಹುಟ್ಟುತ್ತದೆ. ಅಮೆರಿಕದ ಎಡ್ವಿನ್ ಹಾಲ್ ಇದನ್ನು 1879ರಲ್ಲಿ ಬಂಗಾರದ ತೆಳು ಹಾಳೆಯಲ್ಲಿ ಕಂಡ. ಎಲೆಕ್ಟ್ರಾನು ಪತ್ತೆಯಾದದ್ದು 1897ರಲ್ಲಿ, ಎಂದರೆ ಸರಿಯುತ್ತಿರುವುದು ಏನು ಎಂದು ಯಾರಿಗೂ ತಿಳಿಯದ ಕಾಲವದು. ಹಿಂದೆ ಸ್ಮಾರ್ಟ್‌ಫೋನಿನಲ್ಲಿ ಮಾತು ಮುಗಿಸಿದ ಮೇಲೆ ಕರೆ ಕಟ್ಟಾಯಿತೋ ಇಲ್ಲವೋ ಎಂದು ಅವ್ವ ಚಿಂತಿಸುತ್ತಿದ್ದಳು. ಒಣಗಿದ ಬೆರಳ ತುದಿಯನ್ನು ಗಾಜು ಗುರುತಿಸುತ್ತಲೇ ಇರಲಿಲ್ಲ. ಈಗ ಮುಚ್ಚಿದರೆ ಮುಗಿಯಿತು. ಹಾಲ್ ಕಂಡ ಆ ಪುಟ್ಟ ವೋಲ್ಟೇಜು ಅವಳ ಪರವಾಗಿ ಕರೆ ಮುಗಿಸುತ್ತದೆ.

ಪಕ್ಕದ ಮಗರಪಟ್ಟಾ ಸಿಟಿಯ ಐಟಿ ಕಚೇರಿಗಳಿಂದ ಹೊರಬೀಳುವ ಹುಡುಗ ಹುಡುಗಿಯರ ಕೈಯಲ್ಲಿ ಈಗ ಬೇರೊಂದು ಜಾತಿಯ ಫ್ಲಿಪ್ ಕಾಣುತ್ತದೆ. ಅದರಲ್ಲಿ ಪರದೆಯೇ ಮಡಚಿಕೊಳ್ಳುತ್ತದೆ. ಗಾಜು ಮಡಚುವುದೆಂದರೆ ಏನು? ಯಾವ ಹಾಳೆಯನ್ನು ಬಾಗಿಸಿದರೂ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು, ನಡುವಿನ ಪದರ ಇದ್ದಂತೆ ಇರುತ್ತದೆ. ಹೊರಮೈ ಎಷ್ಟು ಹಿಗ್ಗುತ್ತದೆ ಎಂದು ತಿಳಿಯಲು ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸಾಕು. ತ್ರಿಜ್ಯ 1.5 ಮಿಲಿಮೀಟರು ಎಂದುಕೊಳ್ಳೋಣ. 0.7 ಮಿಲಿಮೀಟರು ದಪ್ಪದ ಗಾಜಾದರೆ ಅದರ ಹೊರಮೈ ಶೇ 23ರಷ್ಟು ಹಿಗ್ಗಬೇಕಾಗುತ್ತದೆ. ಸಾಮಾನ್ಯ ಗಾಜು ಶೇ 1 ಮುಟ್ಟುವ ಮೊದಲೇ ಒಡೆಯುತ್ತದೆ. ದಪ್ಪವನ್ನು 0.03 ಮಿಲಿಮೀಟರಿಗೆ, ಎಂದರೆ ತಲೆಗೂದಲಿಗಿಂತ ತೆಳ್ಳಗೆ ಇಳಿಸಿದರೆ ಹಿಗ್ಗು ಶೇ 1 ಮಾತ್ರ. ಅದನ್ನೂ ತಾಳಿಕೊಳ್ಳಲೆಂದು ಗಾಜಿನ ಮೇಲ್ಮೈಯ ಸೋಡಿಯಂ ಅಯಾನುಗಳ ಜಾಗದಲ್ಲಿ ದಪ್ಪನೆಯ ಪೊಟ್ಯಾಸಿಯಂ ಅಯಾನುಗಳನ್ನು ತುರುಕುತ್ತಾರೆ. ಒತ್ತೊತ್ತಾಗಿ ಕೂತ ಮೇಲ್ಮೈಯಲ್ಲಿ ಬಿರುಕು ಸುಲಭಕ್ಕೆ ಬಾಯಿ ಬಿಡುವುದಿಲ್ಲ. 2020ರಲ್ಲಿ ಸ್ಯಾಮ್‌ಸಂಗ್ ಹೊರತಂದ ಗ್ಯಾಲಕ್ಸಿ ಜಡ್ ಫ್ಲಿಪ್‌ನಲ್ಲಿ ಇಂಥ ಗಾಜಿತ್ತು. ಎರಡು ಲಕ್ಷ ಸಲ ಮಡಚಬಹುದು ಎಂದು ಕಂಪನಿ ಹೇಳಿತ್ತು. ದಿನಕ್ಕೆ ನೂರು ಸಲವೆಂದರೆ ಐದೂವರೆ ವರ್ಷ.

ಆದರೆ ಆ ಲೆಕ್ಕದಲ್ಲಿ ಹಡಪಸರದ ಧೂಳು ಸೇರಿಲ್ಲ. ಇಲ್ಲಿ ಸದಾ ಎಲ್ಲೋ ಒಂದು ಕಡೆ ಕಟ್ಟಡ ಏಳುತ್ತಿರುತ್ತದೆ. ತೆಳುಗಾಜು ಬಾಗುವಾಗ ಅದರಡಿ ಒಂದು ಮರಳ ಕಣ ಸಿಕ್ಕಿಕೊಂಡರೆ ಹೊರೆಯೆಲ್ಲ ಆ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಅದಕ್ಕೆಂದೇ ಕೀಲಿನ ಸಂದಿಯಲ್ಲಿ ಸಣ್ಣ ನಾರಿನ ಕುಂಚಗಳನ್ನು ಇಟ್ಟಿದ್ದಾರೆ. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆಯನ್ನು ಓದಬೇಕು ಎಂದು ನಾನು ಒತ್ತಿ ಹೇಳುತ್ತೇನೆ. 2024ರ ಜಡ್ ಫ್ಲಿಪ್ 6ರದ್ದು ಐಪಿ48. ಎಂಟು ನೀರಿನ ರಕ್ಷಣೆಗೆ ಒಳ್ಳೆಯ ಅಂಕ. ಮೊದಲಿನ ನಾಲ್ಕರ ಅರ್ಥ, ಒಂದು ಮಿಲಿಮೀಟರು ಮತ್ತು ಅದಕ್ಕಿಂತ ದಪ್ಪನೆಯ ವಸ್ತು ಒಳಹೋಗದು ಎಂದಷ್ಟೇ. ಸಿಮೆಂಟಿನ ಧೂಳು ಅದಕ್ಕಿಂತ ಬಹಳ ಸಣ್ಣದು.

ಗುಂಡಿಯ ಫೋನಿನಲ್ಲಿ ಕನ್ನಡ ಬರೆಯುವ ಕಷ್ಟವನ್ನೂ ಹೇಳಬೇಕು. ಊರು ತಲುಪಿದ ಮೇಲೆ ಅವ್ವ ‘ಮುಟ್ಟೀನಿ’ ಎಂದು ಸಂದೇಶ ಕಳಿಸುತ್ತಾಳೆ. ಕಣ್ಣಿಗೆ ಮೂರೇ ಅಕ್ಷರ. ಕಾಗುಣಿತ, ಒತ್ತು ಬಿಡಿಸಿದರೆ ಫೋನಿನ ಲೆಕ್ಕದಲ್ಲಿ ಎಂಟು. ಒಂದು ಎಸ್‌ಎಂಎಸ್‌ಗೆ ಸಿಗುವ ಜಾಗ 140 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ 160 ಹಿಡಿಸುತ್ತವೆ. ಸಾಮಾನ್ಯವಾಗಿ ಕನ್ನಡದ ಒಂದೊಂದು ಚಿಹ್ನೆಗೂ ಹದಿನಾರು ಬಿಟ್ ಬೇಕಾಗಿ 70ಕ್ಕೇ ಜಾಗ ತುಂಬುತ್ತದೆ. ಕನ್ನಡದ ಒಂದೇ ಒಂದು ಅಕ್ಷರ ನುಸುಳಿದರೂ ಇಡೀ ಸಂದೇಶ ಆ ಲೆಕ್ಕಕ್ಕೆ ಬೀಳುತ್ತದೆ. ಮೂರು ಅಕ್ಷರಕ್ಕಾಗಿ ಅವ್ವ ಗುಂಡಿಗಳನ್ನು ಎಷ್ಟು ಸಲ ಒತ್ತಿರಬಹುದು ಎಂದು ನೆನೆದರೆ ಆ ಸಂದೇಶ ಅಳಿಸಲು ನನಗೆ ಮನಸ್ಸು ಬರುವುದಿಲ್ಲ.

ಅಪ್ಪನ ಹಳೆಯ ಫ್ಲಿಪ್ ಫೋನೂ ಅವ್ವನ ಟ್ರಂಕಿನಲ್ಲಿದೆ. ಅದು ಸಿಡಿಎಂಎ ತಂತ್ರಜ್ಞಾನದ್ದು. ಆ ಜಾಲಗಳು ಕಳೆದ ದಶಕದಲ್ಲಿ ದೇಶದಲ್ಲೆಲ್ಲ ಮುಚ್ಚಿದವು. ಬ್ಯಾಟರಿ ಉಬ್ಬಿದ್ದಕ್ಕೆ ತೆಗೆದು ಕೊಟ್ಟುಬಿಟ್ಟೆವು. ಈಗ ಅದಕ್ಕೆ ಬೆಳಕಿಲ್ಲ, ದನಿಯಿಲ್ಲ. ಕಳೆದ ತಿಂಗಳು ಟ್ರಂಕು ತೆರೆದಾಗ ಅವ್ವ ಅದನ್ನು ಕೈಗೆತ್ತಿಕೊಂಡು ಹೆಬ್ಬೆರಳಿಂದ ಮುಚ್ಚಳ ಎತ್ತಿದಳು. ಟಕ್ ಎಂದಿತು. ಮತ್ತೆ ಮುಚ್ಚಿದಳು, ಮತ್ತೆ ಟಕ್ ಎಂದಿತು.