ಪೆನ್ಷನ್ ಬಂತು, ಗಾಳ ತಂದಾಯ್ತು: ಮನೆ ಯಾವ ನೀರಿನ ದಡದಲ್ಲಿ?

ಶಿವಮೊಗ್ಗ, ಸಾಗರ, ಭದ್ರಾವತಿಗಳಲ್ಲಿ ಸೈಟು ಮಾರುವವರ ಬಾಯಲ್ಲಿ ಈಗ ಒಂದೇ ಮಂತ್ರ: ಹಿನ್ನೀರು. ಸರ್ಕಾರಿ ನೌಕರಿಯಿಂದ ಅರವತ್ತಕ್ಕೆ ಬಿಡುಗಡೆಯಾದವರು (2008ರ ತನಕ ಐವತ್ತೆಂಟಕ್ಕೇ ಬಿಡುಗಡೆ ಇತ್ತು), ಅಂಗಡಿಯ ಗಲ್ಲಾವನ್ನು ಮಗನ ಕೈಗೆ ಕೊಟ್ಟು ಎದ್ದು ಬಂದ ಸಾಹುಕಾರರು, ಬೆಂಗಳೂರಿನ ಹೊಗೆ ಕುಡಿದು ಸಾಕಾಗಿ ಊರ ಕಡೆ ಮುಖ ಮಾಡಿದವರು, ಎಲ್ಲರಿಗೂ ಬೇಕಾದದ್ದು ನೀರಿನ ಪಕ್ಕ ಹತ್ತು ಗುಂಟೆ ಜಾಗ. ಬೆಳಗ್ಗೆ ಕಾಫಿ ಕುಡಿದು ಗಾಳ ಹಾಕಬೇಕು, ಸಂಜೆ ತೆಪ್ಪದಲ್ಲಿ ಒಂದು ಸುತ್ತು ಹೋಗಿ ಬರಬೇಕು. ಮೂವತ್ತೈದು ವರ್ಷ ಫೈಲು ತಿರುವಿದವನಿಗೆ ಇಷ್ಟು ಆಸೆ ತಪ್ಪೇನಲ್ಲ.

ತಪ್ಪು ಆಗುವುದು ಜಾಗ ಹಿಡಿಯುವಲ್ಲಿ. ಬ್ರೋಕರ್ ಮಹಾಶಯ ನವೆಂಬರಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಎದುರಿಗೆ ಸಮುದ್ರದಂಥ ನೀರು, ಆಚೆ ಹಸಿರು ಗುಡ್ಡ. "ನೋಡಿ ಸಾರ್, ನೀರು ನಿಮ್ಮ ಬಾಗಿಲಿಗೇ ಬರುತ್ತೆ" ಅನ್ನುತ್ತಾನೆ. ಯಜಮಾನರು ತಲೆಯಾಡಿಸುತ್ತಾರೆ. "ನೀರು ಬಾಗಿಲಿಗೆ ಬಂದ್ರೆ ನಾವೆಲ್ಲಿಗೆ ಹೋಗೋದು ರೀ?" ಅಂತ ಕೇಳುವುದು ಮನೆಯಾಕೆ ಮಾತ್ರ. ಕೇಳಬೇಕಾದ ಮೊದಲನೇ ಪ್ರಶ್ನೆಯೂ ಅದೇ. ಎರಡನೆಯದು ಅದರ ತದ್ವಿರುದ್ಧ: ನೀರು ಬಾಗಿಲಿನಿಂದ ಎಷ್ಟು ದೂರ ಓಡಿಹೋಗುತ್ತೆ?

ಜಲಾಶಯ ಅಂದರೆ ಕೆರೆಯಲ್ಲ

ಲಿಂಗನಮಕ್ಕಿಯ ಲೆಕ್ಕವನ್ನೇ ನೋಡಿ. 1964ರಲ್ಲಿ ಮುಗಿದ ಈ ಅಣೆಕಟ್ಟೆಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಒಳ್ಳೆ ಮಳೆಯಾದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ತುಂಬಿಕೊಳ್ಳುತ್ತದೆ. ಆಮೇಲೆ ಅದು ಇಳಿಯುತ್ತಲೇ ಹೋಗಬೇಕು, ಯಾಕೆಂದರೆ ಅದನ್ನು ಕಟ್ಟಿದ್ದು ಕರೆಂಟಿಗೆ, ನಿವೃತ್ತರ ದೋಣಿವಿಹಾರಕ್ಕಲ್ಲ. ಅಂಗಡಿಯಲ್ಲಿ ಬಲ್ಬು ಉರಿದಷ್ಟೂ ಹೊಳೆಬಾಗಿಲಿನಲ್ಲಿ ನೀರು ಕೆಳಗೆ. ಬೇಸಿಗೆ ಬಲವಾದ ವರ್ಷಗಳಲ್ಲಿ ಇದರ ಹೊಟ್ಟೆಯೊಳಗೆ ಮುಳುಗಿರುವ ಹಳೇ ಹಿರೇಭಾಸ್ಕರ ಅಣೆಕಟ್ಟೆಯೇ ಎದ್ದು ಕಾಣುತ್ತದೆ. ಜನ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಾರೆ. ನವೆಂಬರಿನಲ್ಲಿ "ನೀರಿನ ದಡ" ಎಂದು ಕೊಂಡ ಜಾಗದ ಮುಂದೆ ಆಗ ಇರುವುದು ಬಿರಿದ ಕೆಸರು, ಸತ್ತ ಮರದ ಬೊಡ್ಡೆಗಳು, ಅದರಾಚೆ ಎಲ್ಲೋ ಒಂದು ಬೆಳ್ಳಿಗೆರೆ. ಗಾಳದ ಕೋಲು ಹಿಡಿದು ಅಷ್ಟು ದೂರ ಇಳಿದು ಹತ್ತುವುದು ಅರವತ್ತೆರಡರ ಮಂಡಿಗೆ ಆಗುವ ಕೆಲಸವಲ್ಲ.

ಚಿತ್ರದುರ್ಗದ ಕಡೆಯವರಿಗೆ ಇದರ ಉಲ್ಟಾ ಪಾಠ ಗೊತ್ತು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ಇನ್ನು ಇದು ತುಂಬುವುದುಂಟೇ ಎಂದು ಹಿನ್ನೀರಿನ ಜಾಗದಲ್ಲಿ ತೋಟ ಮಾಡಿದವರು, ಬೆಳೆ ಇಟ್ಟವರು ಇದ್ದರು. ನೀರು ಬಂತು, ತನ್ನ ಜಾಗವನ್ನು ತಾನು ತೆಗೆದುಕೊಂಡಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ನೀರಿಗೆ ಮರೆವು ಕಮ್ಮಿ.

ಹಾಗಾಗಿ ತಿಳಿದವರು ಹೇಳುವುದು ಇಷ್ಟೇ: ಜಾಗವನ್ನು ಎರಡು ಸಲ ನೋಡಿ. ಸೆಪ್ಟೆಂಬರಿನಲ್ಲಿ ಒಮ್ಮೆ, ಮೇ ತಿಂಗಳ ನಡುವಿನಲ್ಲಿ ಒಮ್ಮೆ. ಎರಡನೇ ಸಲ ಬ್ರೋಕರ್ ಬರಲ್ಲ ಅಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಯಾವ ದಡ ಯಾರಿಗೆ?

ಶರಾವತಿ ಹಿನ್ನೀರಿನ ಸೊಬಗಿಗೆ ಸಾಟಿ ಇಲ್ಲ. ಹೊನ್ನೆಮರಡುವಿನ ಕಡೆ ದೋಣಿ, ಈಜು ಎಂದು ಹುಡುಗರ ದಂಡು ಬರುತ್ತಲೇ ಇರುತ್ತದೆ. ಕರೂರು, ಬಾರಂಗಿ ಹೋಬಳಿಗಳ ಜನ ಆರು ದಶಕ ಹೊಳೆಬಾಗಿಲಿನ ಲಾಂಚ್ ನಂಬಿ ಬದುಕಿದವರು. ಕೊನೇ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನ ಹತ್ತಿಸುವುದೇ ನಿಂತದ್ದುಂಟು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ಗೋಳು ತೀರಿತು. ಸಿಗಂದೂರಿಗೆ ಹೋಗುವ ಭಕ್ತರ ಕಾರುಗಳ ಜೊತೆಗೇ ಸೈಟು ಹುಡುಕುವವರ ಕಾರುಗಳೂ ದಾಟತೊಡಗಿವೆ.

ಆದರೆ ಸೇತುವೆ ಬಂದ ಮಾತ್ರಕ್ಕೆ ಆಸ್ಪತ್ರೆ ಹತ್ತಿರ ಬರಲಿಲ್ಲ. ದೊಡ್ಡ ಕಾಯಿಲೆಗೆ ಸಾಗರ, ಅಲ್ಲಿಂದ ಶಿವಮೊಗ್ಗ, ಇಲ್ಲವೇ ಘಾಟಿ ಇಳಿದು ಮಣಿಪಾಲ. ಎದೆನೋವು ರಾತ್ರಿ ಎರಡಕ್ಕೆ ಬರುವುದು ವಾಡಿಕೆ. ಇನ್ನೊಂದು ಮಾತು ಬ್ರೋಕರ್ ಯಾವತ್ತೂ ಎತ್ತುವುದಿಲ್ಲ: ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ 2018ರ ಕೊನೆ, 2019ರ ಮೊದಲ ತಿಂಗಳುಗಳಲ್ಲಿ ಇದೇ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಜನರನ್ನು ಬಲಿ ತೆಗೆದುಕೊಂಡಿತು. ಉಣುಗು ಹೆಚ್ಚುವುದು ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ. ಕಾಡಿನಂಚಿನ ದಡದಲ್ಲಿ ಪಂಚೆ ಮೇಲೆ ಕಟ್ಟಿ ಗಾಳ ಹಾಕಿ ಕೂರುವ ಹವ್ಯಾಸವೂ ಆಗಲೇ. ಹೆದರಿ ಓಡಬೇಕಾಗಿಲ್ಲ, ಊರವರನ್ನು ಕೇಳಿ ನಡೆದರೆ ಸಾಕು. ಅವರು ಅಲ್ಲೇ ಬಾಳುತ್ತಿಲ್ಲವೇ?

ಭದ್ರಾ ಕಡೆ ಬನ್ನಿ. ಬಿ.ಆರ್. ಪ್ರಾಜೆಕ್ಟ್ ಭದ್ರಾವತಿಯವರಿಗೆ ಪಕ್ಕದ ಮನೆ ಇದ್ದಂತೆ. ಕಾರ್ಖಾನೆಯಲ್ಲಿ ದುಡಿದು ದಣಿದವರು ರಜೆಯ ದಿನ ಸೈಕಲ್ಲಿನಲ್ಲಿ ಬುತ್ತಿ ಇಟ್ಟುಕೊಂಡು ಹೋಗುತ್ತಿದ್ದ ಜಾಗ. 186 ಅಡಿಯ ಈ ಜಲಾಶಯದ ನೀರಿನ ಮಟ್ಟವನ್ನು ರೈತರು ಜಾತಕದ ಹಾಗೆ ಬಾಯಿಪಾಠ ಹೇಳುತ್ತಾರೆ. ಪೇಟೆ ಹತ್ತಿರ, ಬಸ್ಸು ಸಲೀಸು, ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲೇ ಇರುವುದರಿಂದ ಸುತ್ತ ಜನವಸತಿಯೂ ಉಂಟು. ತೊಡಕೇನೆಂದರೆ ಹಿನ್ನೀರಿನ ಬಹುಪಾಲು ಭದ್ರಾ ಹುಲಿ ಸಂರಕ್ಷಿತ ಕಾಡಿಗೆ ಅಂಟಿಕೊಂಡಿದೆ. ಬೇಸಿಗೆಯಲ್ಲಿ ನಡುಗಡ್ಡೆಗಳ ಮೇಲೆ ರೀವಾ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅಲ್ಲಿ ಇಷ್ಟ ಬಂದಂತೆ ತೆಪ್ಪ ಬಿಡಲಾಗದು, ಗಾಳವಂತೂ ಬೇಡ. ಲಕ್ಕವಳ್ಳಿಯಲ್ಲಿ ಟಿಕೇಟು ಕೊಟ್ಟು ಸರ್ಕಾರಿ ಬೋಟಿನಲ್ಲಿ ಕೂತು ನೋಡಿ ಬರಬಹುದು. ಬೋಟಿಂಗಿನ ಆಸೆ ಅಷ್ಟಕ್ಕೇ ತೀರುವವರಿಗೆ ಇದಕ್ಕಿಂತ ಒಳ್ಳೆ ಜಾಗ ಈ ಸೀಮೆಯಲ್ಲಿ ಇಲ್ಲ.

ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಆ ಕಡೆ ಹೋಯಿತು. ಶತಮಾನಗಳ ಹಿಂದೆ ಎರಡು ಗುಡ್ಡದ ನಡುವೆ ಕಟ್ಟಿದ ಆ ಏರಿಯನ್ನು ನೋಡಿದರೆ ಈಗಿನ ಎಂಜಿನಿಯರುಗಳು ಟೋಪಿ ತೆಗೆಯಬೇಕು. ಮೀನು ಧಾರಾಳ. ಆದರೆ ಬಯಲು, ಬಿಸಿಲು, ಗಾಳಿ ಎದ್ದರೆ ಅಲೆ. ಸುತ್ತ ಒತ್ತುವರಿಯ ರಗಳೆ ಬೇರೆ. ಕೆರೆಯಂಗಳದ ಗಡಿ ಎಲ್ಲಿಗೆ ಅಂತ ಸರ್ವೆಯವರನ್ನು ಕೇಳದೆ ಅಲ್ಲಿ ಒಂದು ಕಲ್ಲೂ ನೆಡಬಾರದು.

ಮೈಸೂರು ಕಡೆಯ ಕಬಿನಿ, ಕಾರಾಪುರದ ಹೆಸರೂ ಕೆಲವರ ಬಾಯಲ್ಲಿದೆ. ಅಲ್ಲಿ ದಡವೆಲ್ಲ ರೆಸಾರ್ಟು, ಬೆಲೆ ಕೇಳಿದರೆ ಪೆನ್ಷನ್ನು ನಾಚಿಕೊಳ್ಳುತ್ತದೆ.

ಮೀನು ನಿಮ್ಮದಲ್ಲ ಸ್ವಾಮಿ

ಹೆಚ್ಚಿನವರು ಎಡವುವುದು ಇಲ್ಲಿ. ಕೆರೆಯಲ್ಲಿ ಮೀನು ತಾನಾಗಿ ಬೆಳೆದದ್ದು ಎಂದುಕೊಳ್ಳುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಇವು ಗಂಗಾನದಿ ಸೀಮೆಯ ಮೀನುಗಳು. ಹರಿಯುವ ನೀರಿನಲ್ಲಿ ಮೊಟ್ಟೆ ಇಡುವ ಜಾತಿ, ನಿಂತ ಕೆರೆಯಲ್ಲಿ ಸಂತಾನ ಬೆಳೆಸುವುದಿಲ್ಲ. ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರುತ್ತಾರೆ. ಆ ಯಾರೋ ಅಂದರೆ ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘ ಅಥವಾ ಗುತ್ತಿಗೆದಾರ. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಸಣ್ಣವು ಪಂಚಾಯ್ತಿಯ ಕೈಯಲ್ಲಿ. ಜಲಾಶಯಗಳಲ್ಲಿ ಹಿಡಿಯುವವರಿಗೆ ಇಲಾಖೆಯ ಪರವಾನಗಿ. ಪೆನ್ಷನ್ ಬರುವ ಯಜಮಾನರು ಕೊಡೆ ಬಿಡಿಸಿ ಕೂತು ಎರಡು ಕೇಜಿ ಕಾಟ್ಲಾ ಎಳೆದರೆ ಅದು ಮಡಿಕೆ ಕಾಯಿಸುವ ಒಬ್ಬನ ಮೀನು.

"ಅಣ್ಣಾ, ಒಂದು ಗಾಳ ಹಾಕ್ಲಾ?" ಎಂದು ಮೊದಲೇ ಕೇಳಿದವನಿಗೆ "ಹಾಕಿ ಯಜಮಾನ್ರೆ, ಅದಕ್ಕೇನಂತೆ" ಎಂಬ ಉತ್ತರವೇ ಬರುವುದು ಹೆಚ್ಚು. ಎರೆಹುಳ ಎಲ್ಲಿ ಸಿಗುತ್ತೆ, ಹಿಟ್ಟಿನ ಉಂಡೆಗೆ ಕಡ್ಲೆಹಿಂಡಿ ಎಷ್ಟು ಬೆರೆಸಬೇಕು, ಬೆಂಡು ಯಾವ ಆಳಕ್ಕೆ ಕಟ್ಟಬೇಕು ಎಲ್ಲಾ ಹೇಳಿಕೊಡುತ್ತಾರೆ. ಕೇಳದೆ ಕೂತವನಿಗೆ ಜಗಳ. ಜಿಲೇಬಿ ಮೀನಿಗೆ ಮಾತ್ರ ಯಾರೂ ಅಷ್ಟು ತಕರಾರು ಮಾಡರು. 1952ರಲ್ಲಿ ಈ ದೇಶಕ್ಕೆ ಬಂದ ಅದು ಎಲ್ಲೆಂದರಲ್ಲಿ ಮರಿ ಹಾಕಿ ನಮ್ಮ ಮೀನುಗಳ ಅನ್ನ ಕಸಿಯುತ್ತಿದೆ.

ಮಲೆನಾಡಿನಲ್ಲಿ ಇನ್ನೂ ಒಂದು ಭಾಗ್ಯವಿದೆ, ಕೆರೆಬೇಟೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಊರವರು ದಿನ ಗೊತ್ತು ಮಾಡಿ, ನೂರಾರು ಜನ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತಾರೆ. ಕೆಸರೇ ಕೆಸರು, ಕೂಗೇ ಕೂಗು. ಇಳಿಯಲಾಗದ ವಯಸ್ಸಿನವರು ಏರಿಯ ಮೇಲೆ ನಿಂತು ಬುದ್ಧಿ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿನ ಮಾತು ಬೇರೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬಂದದ್ದನ್ನು ಕಡಿದರೆ ಮುಂದಿನ ವರ್ಷ ಹೊಳೆಯಲ್ಲಿ ಏನೂ ಇರುವುದಿಲ್ಲ.

ದೊಡ್ಡ ಮೀನಿನ ಕನಸು ಕಾಣುವವರು ಕಾವೇರಿಯ ಮಶೀರ್ ಹೆಸರೆತ್ತುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನದನ್ನು ಗಾಳದಲ್ಲಿ ಎಳೆದದ್ದುಂಟು. ಭೀಮೇಶ್ವರಿಯಲ್ಲಿ ಹಿಡಿದು ಬಿಡುವ ಆಟವೂ ಬಹುಕಾಲ ನಡೆಯಿತು, ಅಭಯಾರಣ್ಯದೊಳಗೆ ಗಾಳವೇ ಕೂಡದು ಎಂದ ಮೇಲೆ ನಿಂತಿತು. ಆ ಡುಬ್ಬದ ಮಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದನ್ನು ಮರೆಯುವುದೇ ಲೇಸು. ದೊಡ್ಡ ಮೀನು ಕಣ್ಣಿಂದ ನೋಡಿದರೆ ಸಾಕು ಅನ್ನುವವರಿಗೆ ಶೃಂಗೇರಿಯಿದೆ, ತೀರ್ಥಹಳ್ಳಿ ಬಳಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮವಿದೆ. ಮಂಡಕ್ಕಿ ಎರಚಿ ಕೂತರೆ ಅರ್ಧ ದಿನ ಹೋದದ್ದೇ ತಿಳಿಯುವುದಿಲ್ಲ.

ತೆಪ್ಪದ ವಿಷಯ

ನೀರಿನ ಮೇಲೆ ಹೋಗುವವರು ಒಂದನ್ನು ನೆನಪಿಡಬೇಕು. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ತಾಲೂಕಿನ ಹಾಡೋನಹಳ್ಳಿ ಬಳಿ ಗಣಪತಿ ಬಿಡಲು ಹೋದ ತೆಪ್ಪ ಮಗುಚಿ ಹನ್ನೆರಡು ಜನ ತೀರಿಕೊಂಡರು. ಹೊಳೆದಡದಲ್ಲೇ ಹುಟ್ಟಿ ಬೆಳೆದ ಹುಡುಗರು. ತೆಪ್ಪದಲ್ಲಿ ಎದ್ದು ನಿಲ್ಲಬಾರದು, ಲೆಕ್ಕಕ್ಕಿಂತ ಹೆಚ್ಚು ಜನ ಹತ್ತಬಾರದು, ಗಾಳಿ ತುಂಬಿದ ಜಾಕೀಟು ಇಲ್ಲದೆ ಇಳಿಯಬಾರದು. ಜಾಕೀಟಿನ ಬೆಲೆ ಒಳ್ಳೆಯ ಗಾಳದ ಕೋಲಿಗಿಂತ ಹೆಚ್ಚೇನೂ ಇಲ್ಲ, ಆದರೂ ಕೋಲು ಕೊಂಡವರಲ್ಲಿ ಜಾಕೀಟು ಕೊಂಡವರು ಎಷ್ಟು ಜನ?

ಕಾಗದ ಮತ್ತು ಮುಳುಗಡೆ

2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾದ ಮೇಲೆ ರೈತನಲ್ಲದವನೂ ಹೊಲ ಗದ್ದೆ ಕೊಳ್ಳಬಹುದು. ಬಾಗಿಲು ತೆರೆದದ್ದೇ ತಡ, ನುಗ್ಗಾಟ ಶುರು. ಪಹಣಿ, ಮ್ಯುಟೇಷನ್, ಇ.ಸಿ. ಎಂದು ಮೂರು ಕಾಗದ ತೋರಿಸಿದರೆ ಜನ ಅಡ್ವಾನ್ಸು ಕೊಡುತ್ತಾರೆ. ಹಿನ್ನೀರಿನ ಜಾಗಕ್ಕೆ ಅಷ್ಟು ಸಾಲದು. ಅದು ಯೋಜನೆಗೆ ವಶಪಡಿಸಿಕೊಂಡ ಜಮೀನೇ, ಅರಣ್ಯವೇ, ಬಗರ್‌ಹುಕುಂ ಸಾಗುವಳಿಯೇ ಎಂದು ತಾಲೂಕು ಕಚೇರಿ, ಅರಣ್ಯ ಕಚೇರಿ ಎರಡರಲ್ಲೂ ಕೇಳಬೇಕು.

ಕೇಳುವಾಗ ಗೊತ್ತಾಗುವ ಇನ್ನೊಂದು ಸಂಗತಿ ನಿದ್ದೆ ಕೆಡಿಸುವಂಥದ್ದು. ಶರಾವತಿ ಮುಳುಗಡೆಯಲ್ಲಿ ಮನೆ, ತೋಟ, ದೇವಸ್ಥಾನ ಎಲ್ಲವನ್ನೂ ನೀರಿಗೆ ಬಿಟ್ಟು ಲಾರಿ ಹತ್ತಿ ಕಾಡಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರಿಗೆಂದು ಅರಣ್ಯದಿಂದ ಬಿಡಿಸಿ ಕೊಟ್ಟ ಆದೇಶಗಳು ಕೇಂದ್ರದ ಅನುಮತಿ ಇಲ್ಲವೆಂಬ ಕಾರಣಕ್ಕೆ ಕೋರ್ಟಿನಲ್ಲಿ ನಿಲ್ಲಲಿಲ್ಲ. ಅರವತ್ತು ವರ್ಷ ಉತ್ತು ತಿಂದ ನೆಲಕ್ಕೇ ಕಾಗದವಿಲ್ಲದವರ ಪಕ್ಕದಲ್ಲಿ ಪೇಟೆಯವನ ತಂತಿಬೇಲಿ ಆರು ತಿಂಗಳಲ್ಲಿ ಏಳುತ್ತದೆ. ಕಾಗದವಿಲ್ಲದ ಅದೇ ನೆಲವನ್ನು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡವರೂ ಇದ್ದಾರೆ. ಗ್ರಾಚ್ಯುಟಿ ಪೂರ್ತಿ ಸುರಿದು ಬಾಂಡ್ ಪೇಪರ್ ಹಿಡಿದವನ ಪಾಡು, ಮಾರಿದವನ ಪಾಡು, ಎರಡೂ ಒಂದೇ ನೀರಿನಲ್ಲಿ.

ಕೊಳ್ಳಲೇಬೇಕೆಂದೇನಿದೆ? ಗಾಜನೂರಿನ ತುಂಗಾ ಜಲಾಶಯ ಪ್ರತಿ ಮುಂಗಾರಿನಲ್ಲೂ ಎಲ್ಲಕ್ಕಿಂತ ಮೊದಲು ತುಂಬುವ ಸಣ್ಣ ಕಟ್ಟೆ. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರಿನೊಳಗೆ, ತೀರ್ಥಹಳ್ಳಿ ರಸ್ತೆಯಲ್ಲಿ, ಸಕ್ರೆಬೈಲಿನ ಆನೆ ಬಿಡಾರದ ಪಕ್ಕ. ಪೇಟೆಯಲ್ಲಿ ಬಾಡಿಗೆಗೋ ಸ್ವಂತಕ್ಕೋ ಒಂದು ಮನೆ ಇಟ್ಟುಕೊಂಡರೆ ಮೆಗ್ಗಾನ್ ಆಸ್ಪತ್ರೆ ಆಟೋ ದೂರದಲ್ಲಿ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ದೂರದ ಮಕ್ಕಳಿಗೂ ನೆವ ಹೇಳಲು ಆಗುವುದಿಲ್ಲ. ಬೆಳಗ್ಗೆ ತೀರ್ಥಹಳ್ಳಿ ಬಸ್ಸು ಹತ್ತಿದರೆ ಆನೆಗಳು ಹೊಳೆಗೆ ಇಳಿಯುವ ಹೊತ್ತಿಗೆ ದಡದಲ್ಲಿರಬಹುದು. ಕಂಡಕ್ಟರಿಗೆ ಗಾಳದ ಕೋಲು ಮಾತ್ರ ಮಡಿಸುವಂಥದ್ದೇ ಆಗಿರಬೇಕು. ನಿಂತ ಪ್ರಯಾಣಿಕರ ಕಣ್ಣಿಗೆ ಚುಚ್ಚುತ್ತದೆ ಅಂತ ಉದ್ದದ್ದನ್ನು ಹತ್ತಿಸಿಕೊಳ್ಳಲ್ಲ.