ವರ್ಷಕ್ಕೊಮ್ಮೆ ಬರುವ ಬೀರು

ಅಮೇರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸ್ಯಾಂಟಾ ರೋಸಾ ಎಂಬ ಪಟ್ಟಣವುಂಟು. ಅಲ್ಲಿಯ ‘ರಷ್ಯನ್ ರಿವರ್’ ಎಂಬ ಬ್ರೂವರಿಯ ಬಾಗಿಲಲ್ಲಿ ವರ್ಷಕ್ಕೊಮ್ಮೆ, ಎರಡು ವಾರಗಳ ಮಟ್ಟಿಗೆ, ನಸುಕಿನಿಂದಲೇ ಜನರ ಸಾಲು ಬೆಳೆಯುತ್ತದೆ. ದೂರ ದೂರದ ಊರುಗಳಿಂದ ಬಂದವರು ಗಂಟೆಗಟ್ಟಲೆ ನಿಂತು ಕಾಯುವುದು ‘ಪ್ಲಿನಿ ದಿ ಯಂಗರ್’, ಅಂದರೆ ‘ಕಿರಿಯ ಪ್ಲಿನಿ’ ಎಂಬ ಬೀರಿಗಾಗಿ. ಒಬ್ಬರಿಗೆ ಇಷ್ಟೇ ಲೋಟವೆಂಬ ನಿಯಮ ಬೇರೆ. ಎರಡು ವಾರ ಕಳೆಯಿತೆಂದರೆ ಮರುವರ್ಷದವರೆಗೆ ಅದರ ಸುದ್ದಿಯಿಲ್ಲ.

ಮದ್ಯಪಾನದ ಗುಣದೋಷಗಳ ವಿಚಾರವು ಈ ಲೇಖನದ ವಿಷಯವಲ್ಲ. ಅದನ್ನು ವಾಚಕರು ತಮ್ಮ ತಮ್ಮ ವಿವೇಕಕ್ಕೆ ತಕ್ಕಂತೆ ತೀರ್ಮಾನಿಸಿಕೊಳ್ಳಬಹುದು. ಆದರೆ ಗಿರಾಕಿಯು ಬಾಗಿಲಲ್ಲಿ ನಿಂತಿರುವಾಗಲೇ ಸರಕನ್ನು ಒಳಗಿಡುವ ವರ್ತಕನುಂಟೆ? ಇಷ್ಟು ಜನ ಬೇಡುವುದನ್ನು ವರ್ಷವಿಡೀ ಏಕೆ ಮಾಡಬಾರದು? ಈ ಪ್ರಶ್ನೆಯು ವ್ಯಾಪಾರ ಬಲ್ಲ ಯಾರಿಗಾದರೂ ಏಳತಕ್ಕದ್ದೇ.

ಹೆಸರಿನ ಕಥೆಯನ್ನು ಮೊದಲು ಹೇಳಿಬಿಡೋಣ. ಹಿರಿಯ ಪ್ಲಿನಿಯು ರೋಮಿನ ಪ್ರಸಿದ್ಧ ವಿದ್ವಾಂಸ, ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯು ಸಿಡಿದಾಗ ಮಡಿದವನು. ಬೀರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ ಎಂಬ ಬಳ್ಳಿಯನ್ನು ಅವನ ಗ್ರಂಥವು ಉಲ್ಲೇಖಿಸಿದೆಯೆಂದು ನಂಬಿಕೆ. ಆದ್ದರಿಂದ ಈ ಬ್ರೂವರಿಯ ಒಡೆಯ ವಿನ್ನಿ ಸಿಲುರ್ಜೋ ಎಂಬವರು ತಮ್ಮ ಹಾಪ್ ಭರಿತವಾದ ನಿತ್ಯದ ಬೀರಿಗೆ ‘ಹಿರಿಯ ಪ್ಲಿನಿ’ ಎಂದು ಹೆಸರಿಟ್ಟರು. 2005ರಲ್ಲಿ ಅದಕ್ಕಿಂತಲೂ ಕಟುವಾದುದನ್ನು ಕಾಸಿದಾಗ, ಆ ವಿದ್ವಾಂಸನ ಸೋದರಳಿಯನ ಹೆಸರು ಸಿದ್ಧವಾಗಿಯೇ ಇದ್ದಿತು. ಹಿರಿಯದರಲ್ಲಿ ಮದ್ಯಸಾರವು ನೂರಕ್ಕೆ 8 ಪಾಲು. ಕಿರಿಯದರಲ್ಲಿ 10ಕ್ಕೂ ಮೇಲು.

ಇನ್ನು ಕಾರಣ. ಬ್ರೂವರಿಯ ನಿಜವಾದ ಬಂಡವಾಳವೆಂದರೆ ಹುದುಗುವ ತೊಟ್ಟಿ. ಕಾಸಿ ಸೋಸಿದ ರಸವು ಅದರಲ್ಲಿ ಹುದುಗಿ, ಪಕ್ವವಾಗಿ, ಹೊರಬೀಳುವ ತನಕ ತೊಟ್ಟಿಯು ಬೇರೆ ಯಾವ ಕೆಲಸಕ್ಕೂ ಒದಗದು. ನಿತ್ಯದ ಬೀರು ಎರಡು ವಾರದಲ್ಲಿ ತೊಟ್ಟಿಯನ್ನು ಬಿಡುತ್ತದೆ, ವಿಶೇಷದ್ದು ನಾಲ್ಕು ವಾರ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ವಿಶೇಷದ ಒಂದು ತೊಟ್ಟಿಗೆ ನಿತ್ಯದ ಎರಡು ತೊಟ್ಟಿಗಳನ್ನು ಕಳೆದುಕೊಂಡಂತಾಯಿತು. ಸಾಲದೆಂಬಂತೆ, ಕಿರಿಯ ಪ್ಲಿನಿಗೆ ಧಾನ್ಯವೂ ಹಾಪೂ ಹೆಚ್ಚು ಬೇಕು. ತೊಟ್ಟಿಗೆ ಪದೇ ಪದೇ ಸುರಿದ ಹಾಪು ತಾನೇ ಒಂದಷ್ಟು ಬೀರನ್ನು ಹೀರಿಕೊಂಡುಬಿಡುವುದರಿಂದ ಕೈಗೆ ಬರುವ ಹುಟ್ಟುವಳಿಯೂ ಕಡಿಮೆ. ವರ್ಷದ ಐವತ್ತೆರಡು ವಾರವೂ ಆಳುಗಳ ಸಂಬಳ, ಸಾಲದ ಬಡ್ಡಿ, ಅಂಗಡಿಗಳ ಬೇಡಿಕೆ ಇವನ್ನೆಲ್ಲ ನಡೆಸುವುದು ಹಿರಿಯ ಪ್ಲಿನಿಯೇ. ಅದು ಅಂಗಡಿಯಲ್ಲಿ ತಪ್ಪಿದರೆ ಆ ಜಾಗಕ್ಕೆ ಮತ್ತೊಬ್ಬರ ಸೀಸೆ ಬಂದು ಕೂರುತ್ತದೆ. ಹೋದ ಜಾಗವು ಸುಲಭವಾಗಿ ಮರಳಿ ಸಿಕ್ಕುವುದಿಲ್ಲ. ಸಣ್ಣ ಬಂಡವಾಳದವನು ಸಾಲಿನ ಉದ್ದವನ್ನು ಕಂಡು ಮರುಳಾದರೆ ಮನೆಯನ್ನೇ ಕಳೆದುಕೊಂಡಾನು.

ಬೆಳೆಯ ಮಾತೂ ಉಂಟು. ಅಮೇರಿಕಾದಲ್ಲಿ ಹಾಪಿನ ಕೊಯ್ಲು ಆಗಸ್ಟ್ ಸೆಪ್ಟೆಂಬರುಗಳಲ್ಲಿ, ವರ್ಷಕ್ಕೊಂದೇ ಬಾರಿ. ಹೊಸ ಬಳ್ಳಿಯು ತುಂಬಿ ಫಲಿಸಲು ಎರಡು ಮೂರು ವರ್ಷ ಬೇಕು. ಆದುದರಿಂದ ಬ್ರೂವರಿಗಳು ರೈತರೊಡನೆ ವರ್ಷಗಳ ಮುಂಚೆಯೇ ಕರಾರು ಮಾಡಿಕೊಳ್ಳುತ್ತವೆ. ಬೇಕೆಂದಾಗ ಪೇಟೆಗೆ ಹೋಗಿ ತರುವ ಸರಕಲ್ಲ. ಒಣಗಿಸದ ಹಸಿ ಹಾಪಿನಿಂದ ಮಾಡುವ ಬೀರಿನ ಪಾಡಂತೂ ನಮ್ಮ ಮಲೆನಾಡಿನ ಅಪ್ಪೆಮಿಡಿಯದೇ. ಕಿತ್ತ ಒಂದೆರಡು ದಿನದೊಳಗೆ ಕಡಾಯಿಗೆ ಬೀಳದಿದ್ದರೆ ಕೆಟ್ಟಿತು. ಅದನ್ನು ಮಾಘಮಾಸದಲ್ಲಿ ಮಾಡೆಂದರೆ ಯಾರು ಮಾಡಿಯಾರು?

ತೊಟ್ಟಿಯ ಅಭಾವವೊಂದೇ ಕಾರಣವಾಗಿದ್ದರೆ, 2018ರಲ್ಲಿ ಇವರು ಸಮೀಪದ ವಿಂಡ್ಸರಿನಲ್ಲಿ ವಿಶಾಲವಾದ ಎರಡನೆಯ ಬ್ರೂವರಿಯನ್ನು ತೆರೆದಾಗ ಕಿರಿಯ ಪ್ಲಿನಿಯು ನಿತ್ಯದ್ದಾಗಬೇಕಾಗಿದ್ದಿತು. ಆಗಲಿಲ್ಲ. 2020ರಲ್ಲಿ ಸೀಸೆಗೆ ತುಂಬಿದರು, ಅಷ್ಟೇ. ಜನರು ಬರುವುದು ರುಚಿಗೆಂಬುದು ನಿಜ. ಆದರೆ ‘ಈಗ ಬಿಟ್ಟರೆ ಇನ್ನೊಂದು ವರ್ಷ’ ಎಂಬ ಅವಸರಕ್ಕೂ ಹೌದು. ಹೀಗೆ ಬಂದವರಿಂದ ಊರಿನ ವಸತಿಗೃಹಗಳಿಗೂ ಭೋಜನಶಾಲೆಗಳಿಗೂ ಚಳಿಗಾಲದ ಮಂದ ದಿನಗಳಲ್ಲಿ ನಾಲ್ಕು ಕಾಸು ಸಿಕ್ಕುತ್ತಿದ್ದಿತು. ಇದನ್ನು ಬರಿಯ ವ್ಯಾಪಾರದ ತಂತ್ರವೆಂದು ಹಳಿಯುವವರೂ ಇದ್ದಾರೆ. ತಂತ್ರವಿಲ್ಲವೆಂದು ನಾನೂ ಹೇಳಲಾರೆ. ಆದರೆ ಲೆಕ್ಕವನ್ನು ನೋಡಿದ ಮೇಲೆ ಬರಿಯ ತಂತ್ರವೆನ್ನಲು ಮನಸ್ಸೊಪ್ಪುವುದಿಲ್ಲ.

ನಿಯಮಕ್ಕೆ ಅಪವಾದವೂ ಇದೆ. ಮಿಶಿಗನ್ ಪ್ರಾಂತದ ಗ್ರ್ಯಾಂಡ್ ರ್ಯಾಪಿಡ್ಸಿನಲ್ಲಿರುವ ‘ಫೌಂಡರ್ಸ್’ ಬ್ರೂವರಿಯವರು ‘ಕೆ. ಬಿ. ಎಸ್.’ ಎಂಬ ಕಪ್ಪು ಬೀರನ್ನು ಬೂರ್ಬನ್ ಮದ್ಯದ ಹಳೆಯ ಪೀಪಾಯಿಗಳಲ್ಲಿ ತುಂಬಿ, ಊರಿನಡಿಯ ಹಳೆಯ ಗಣಿಯ ತಂಪಿನಲ್ಲಿ ಒಂದು ವರ್ಷದಷ್ಟು ಕಾಲ ಇಡುತ್ತಿದ್ದರು. ಅದು ವಸಂತಕ್ಕೊಮ್ಮೆ ಹೊರಬರುತ್ತಿದ್ದಿತು. ಪೀಪಾಯಿಗಳ ರಾಶಿಯನ್ನು ವರ್ಷಗಟ್ಟಲೆ ಕಾಯ್ದಿಡುವುದು ಹೆಚ್ಚು ಹಣ ಬೇಡುವ ಕೆಲಸ. 2019ರಲ್ಲಿ ಸ್ಪೇನಿನ ಮಾಹೌ ಸ್ಯಾನ್ ಮಿಗೆಲ್ ಎಂಬ ದೊಡ್ಡ ಸಂಸ್ಥೆಯು ಈ ಬ್ರೂವರಿಯ ಬಹುಪಾಲನ್ನು ಕೊಂಡಿತು. ಅದರ ಸುಮಾರಿಗೇ ಕೆ. ಬಿ. ಎಸ್. ವರ್ಷವಿಡೀ ಮಾರಾಟಕ್ಕೆ ಬಂದಿತು. ಆ ಮೇಲೆ ಅದಕ್ಕಾಗಿ ವಸಂತವನ್ನು ಕಾದು ಕುಳಿತುಕೊಳ್ಳುವ ಕಾರಣವು ಯಾರಿಗೂ ಉಳಿಯಲಿಲ್ಲ.