ಮುಚ್ಚುವ ಮುನ್ನ ಪರೀಕ್ಷೆ: ಮನೆಯ ಗ್ಯಾಸ್ ಪೈಪಿನ ಬಗ್ಗೆ ತಿಳಿದಿರಬೇಕಾದ ಮಾತು



ಬೆಂಗಳೂರು, ತುಮಕೂರು, ಮಂಗಳೂರಿನಂಥ ಊರುಗಳಲ್ಲಿ ಅಡುಗೆ ಅನಿಲ ಈಗ ಪೈಪಿನಲ್ಲೇ ಮನೆಗೆ ಬರುತ್ತಿದೆ. ಪೈಪ್ ಜೋಡಿಸುವುದು ಅನಿಲ ಕಂಪನಿಯ ಅಧಿಕೃತ ಕೆಲಸಗಾರರ ಹೊಣೆ. ಆದರೆ ತೋಡಿದ ಕಾಲುವೆಗೆ ಮಣ್ಣು ಎಳೆಯುವುದು, ಗೋಡೆಗೆ ಗಾರೆ ಬಳಿಯುವುದು ಬಹಳ ಕಡೆ ನಮ್ಮದೇ ಮೇಸ್ತ್ರಿ. "ನಾಳೆ ಟೈಲ್ಸ್‌ನವರು ಬರುತ್ತಾರೆ, ಇವತ್ತೇ ಮುಚ್ಚಿಬಿಡೋಣ" ಎಂಬ ಅವಸರ ಹುಟ್ಟುವುದು ಇಲ್ಲಿಯೇ. ಒತ್ತಡ ಪರೀಕ್ಷೆ ಮುಗಿಯುವವರೆಗೆ ಈ ಅವಸರಕ್ಕೆ ಮಣಿಯಬಾರದು.

ಸೋರಿದರೆ ವಾಸನೆಯಿಂದ ತಿಳಿಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಅದನ್ನು ಬೇರೆಯಾಗಿ ಬೆರೆಸುತ್ತಾರೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನೆಲದಡಿ ಸೋರಿ ತುಂಬಿದ್ದ ವಾಸನೆರಹಿತ ಅನಿಲ ಸ್ಫೋಟಿಸಿ ಸುಮಾರು 300 ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. ಆ ಬಳಿಕ ಅಲ್ಲಿ ವಾಸನೆ ಬೆರೆಸುವುದು ಕಡ್ಡಾಯವಾಯಿತು. ಆದರೆ ಹೂತ ಪೈಪಿನಿಂದ ಸೋರಿದ ಅನಿಲ ಮಣ್ಣಿನೊಳಗೆ ಹಾದು ಬರುವಾಗ ಆ ವಾಸನೆಯನ್ನು ಮಣ್ಣು ಹೀರಿಕೊಳ್ಳಬಹುದು. ಆದ್ದರಿಂದ ಮೂಗನ್ನೇ ನಂಬಿ ಕೂರುವಂತಿಲ್ಲ.

ಪರೀಕ್ಷೆಯ ಕ್ರಮ ಸರಳ. ಎಲ್ಲ ಜಾಯಿಂಟುಗಳೂ ಕಣ್ಣಿಗೆ ಕಾಣುವಂತಿರಬೇಕು. ಮೀಟರ್, ರೆಗ್ಯುಲೇಟರ್, ಒಲೆ ಇವುಗಳನ್ನು ಬಿಡಿಸಿಟ್ಟು ಪೈಪಿನ ತುದಿಗಳನ್ನು ಬಿಗಿಯಾಗಿ ಮುಚ್ಚುತ್ತಾರೆ. ಪರೀಕ್ಷೆಯ ಒತ್ತಡ ಅವುಗಳನ್ನು ಕೆಡಿಸಬಹುದು. ನಂತರ ಗಾಳಿ ಅಥವಾ ಸಾರಜನಕ ತುಂಬುತ್ತಾರೆ. ಆಮ್ಲಜನಕವನ್ನು ಎಂದಿಗೂ ಬಳಸಬಾರದು. ಒತ್ತಡದಲ್ಲಿರುವ ಆಮ್ಲಜನಕ ಎಣ್ಣೆ-ಗ್ರೀಸಿಗೆ ತಗುಲಿದರೆ ಹೊತ್ತಿಕೊಳ್ಳಬಹುದು. ಮನೆಯ ಒಲೆಗೆ ಬರುವ ಅನಿಲದ ಒತ್ತಡ ಸುಮಾರು 21 ಮಿಲಿಬಾರ್. ಪರೀಕ್ಷೆಯ ಒತ್ತಡ ಅದಕ್ಕಿಂತ ಹೆಚ್ಚಿರುತ್ತದೆ. ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬುದನ್ನು ನಿಯಮದಂತೆ ಕಂಪನಿಯವರೇ ನಿಗದಿ ಮಾಡುತ್ತಾರೆ. ದೊಡ್ಡ ಒತ್ತಡ ಅಳೆಯುವ ಗೇಜಿನಲ್ಲಿ ಸಣ್ಣ ಇಳಿತ ಕಾಣುವುದಿಲ್ಲ. ಗೇಜು ಪರೀಕ್ಷೆಗೆ ತಕ್ಕಂತಿರಬೇಕು.

ವಿಜ್ಞಾನ ಓದುವ ಮಕ್ಕಳು ಇಲ್ಲಿ ಒಂದು ಲೆಕ್ಕ ಗಮನಿಸಲಿ. ಮುಚ್ಚಿದ ಪೈಪಿನಲ್ಲಿ ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಗೇಜು 1 ಬಾರ್ ತೋರಿಸುವಾಗ ವಾತಾವರಣದ್ದೂ ಸೇರಿ ಒಳಗಿನ ಒಟ್ಟು ಒತ್ತಡ ಸುಮಾರು 2000 ಮಿಲಿಬಾರ್. 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್. 2000ವನ್ನು 300ರಿಂದ ಭಾಗಿಸಿದರೆ, ಪ್ರತಿ ಡಿಗ್ರಿಗೆ ಸುಮಾರು 7 ಮಿಲಿಬಾರ್ ವ್ಯತ್ಯಾಸ. ಮೂರು ಡಿಗ್ರಿ ತಣ್ಣಗಾದರೆ, ಸೋರಿಕೆಯೇ ಇಲ್ಲದೆ 20 ಮಿಲಿಬಾರ್ ಇಳಿಯುತ್ತದೆ! ಇದಕ್ಕಿಂತ ಅಪಾಯ ಇದರ ವಿರುದ್ಧದ್ದು: ಬಿಸಿಲೇರಿ ಪೈಪು ಕಾಯುತ್ತಿದ್ದರೆ, ಸೋರುತ್ತಿದ್ದರೂ ಮುಳ್ಳು ಅಲುಗಾಡದಂತೆ ಕಾಣಬಹುದು. ಗಾಳಿ ತುಂಬಿದ ಮೇಲೆ ಸ್ವಲ್ಪ ಹೊತ್ತು ಕಾದು, ಪೈಪಿನ ಉಷ್ಣತೆ ಹದಕ್ಕೆ ಬಂದ ನಂತರವೇ ಅಳತೆ ಆರಂಭಿಸುವುದು ಇದಕ್ಕಾಗಿ.

ಮುಳ್ಳು ಇಳಿದರೆ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡುತ್ತಾರೆ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ನೋಡುವುದು ಬೇಡವೇ ಬೇಡ. ಒತ್ತಡ ಬಿಟ್ಟು, ದುರಸ್ತಿ ಮಾಡಿ, ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು. ಪಾಸಾದ ಪೈಪನ್ನು ಮುಚ್ಚುವಾಗಲೂ ಒಳಗೆ ಗಾಳಿಯ ಒತ್ತಡ ಉಳಿಸಿಕೊಂಡಿರುವುದು ಒಳ್ಳೆಯದು. ಗುದ್ದಲಿಯೋ ಮೊಳೆಯೋ ತಗುಲಿದರೆ ಗೇಜು ಆಗಲೇ ಹೇಳುತ್ತದೆ.

ಕುಟುಂಬದವರು ಮಾಡಬೇಕಾದದ್ದು ಇಷ್ಟು: ಪರೀಕ್ಷೆಯ ವೇಳೆ ಮನೆಯಲ್ಲಿರಿ. ಆರಂಭ ಮತ್ತು ಕೊನೆಯ ಅಳತೆಯನ್ನು ನೀವೇ ನೋಡಿ. ಸಹಿಯಿರುವ ವರದಿಯ ಪ್ರತಿ ಕೇಳಿ ಪಡೆಯಿರಿ. ಮುಚ್ಚುವ ಮುನ್ನ ಪೈಪಿನ ಪಕ್ಕ ಟೇಪು ಹಿಡಿದು ಫೋಟೋ ತೆಗೆದಿಡಿ. ಮುಂದೆ ಗೋಡೆಗೆ ಡ್ರಿಲ್ ಹಾಕುವವರಿಗೆ ಅದೇ ದಾರಿ ತೋರಿಸುತ್ತದೆ.

ಒಂದು ದಿನ ತಡವಾದರೆ ಮೇಸ್ತ್ರಿಯ ಒಂದು ದಿನದ ಕೂಲಿ ಹೆಚ್ಚಾದೀತು. ಮುಚ್ಚಿದ ಮೇಲೆ ಸೋರಿಕೆ ತಿಳಿದರೆ ನೆಲವನ್ನೇ ಒಡೆಯಬೇಕು. ತಿಳಿಯದೇ ಹೋದರೆ ಮನೆಮಂದಿಯ ಜೀವಕ್ಕೇ ಅಪಾಯ. ದಯವಿಟ್ಟು ಈ ಪುಟವನ್ನು ಮನೆ ಕಟ್ಟುತ್ತಿರುವ ನಿಮ್ಮ ನೆಂಟರಿಗೂ ನೆರೆಯವರಿಗೂ ಓದಿ ಹೇಳಿ.